ಹುಣಿಸೆಹಣ್ಣು ತಿಕ್ಕಿದ ಇಂಜಿನ್

ರಾಜಾಜಿನಗರದ ಹೊಸ ಬಡಾವಣೆಯ ಆ ಬೀದಿಯಲ್ಲಿ ಕಾರಿದ್ದವರು ಗಂಗಾಧರಯ್ಯನವರು ಒಬ್ಬರೇ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಅವರು ೧೯೫೬ರಲ್ಲಿ ದಂಡುಪ್ರದೇಶದಲ್ಲಿ ನಡೆದ ಹರಾಜಿನಲ್ಲಿ ಹಳೆಯ ವಿಲಾಯಿತಿ ಕಾರೊಂದನ್ನು ಹಿಡಿದರು. ಕೊಂಡ ತಿಂಗಳಲ್ಲೇ ಒಂದು ಭಾನುವಾರ ಬಾನೆಟ್ಟು ಎತ್ತಿ, ಜಿಡ್ಡು ಹಿಡಿದ ತಾಮ್ರದ ಕೊಳವೆಯನ್ನು ಪಂಚೆಯ ಅಂಚಿನಿಂದ ಒರೆಸಿ ನೋಡಿದರು. ಅದರಲ್ಲಿ ತಮ್ಮ ಮೂಗು ಕಂಡಿತು. ಅಂದಿನಿಂದ ಕಾರು ಓಡಿಸುವ ಮಾತು ಹಿಂದೆ ಬಿದ್ದು, ಉಜ್ಜುವ ಕೆಲಸ ಮುಂದಾಯಿತು.

ಪ್ರತಿ ಭಾನುವಾರ ಇಂಜಿನ್ನಿನ ಬಿಡಿಭಾಗಗಳು ಒಂದೊಂದಾಗಿ ಬಿಚ್ಚಿಕೊಂಡು ಹಿತ್ತಲಿಗೆ ಬರುತ್ತಿದ್ದವು. ಹಳೇ ಪತ್ರಿಕೆ ಹಾಸಿ, ಸೀಮೆಎಣ್ಣೆಯಲ್ಲಿ ಅದ್ದಿ, ಉಪ್ಪುಕಾಗದದಲ್ಲಿ ಉಜ್ಜಿ, ಕೊನೆಗೆ ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಹಿತ್ತಾಳೆ ತಾಮ್ರಗಳೆಲ್ಲ ಮದುವೆಮನೆಯ ಕೊಡಗಳಂತೆ ಹೊಳೆಯುತ್ತಿದ್ದವು. ಕಚೇರಿಯಲ್ಲಿ ಅವರ ಮೇಜಿನ ಮೇಲಿದ್ದ ಕಡತಗಳು ಎರಡು ವರ್ಷದ ಧೂಳು ಹೊತ್ತು ಕೂತಿದ್ದವು. ಅವಕ್ಕೆ ಹುಣಿಸೆಹಣ್ಣಿನ ಯೋಗವಿರಲಿಲ್ಲ.

"ರೀ, ಸಾರಿಗೆ ಹುಣಿಸೆಹಣ್ಣಿಲ್ಲ. ನಿಮ್ಮ ಇಂಜಿನ್ನನ್ನೇ ಕುದಿಸ್ಲಾ?" ಎಂದು ಹೆಂಡತಿ ಬಸವರಾಜೇಶ್ವರಿ ಕೇಳುವರು.

"ನಿನಗೆ ತಿಳಿಯೋದಿಲ್ಲ ಕಣೇ. ಶುಚಿ ಅನ್ನೋದು ಒಳಗಿಂದ ಬರಬೇಕು."

ನೋಡಲು ಬಂದ ನೆಂಟರಿಗೆ ಮೊದಲು ಕಾಫಿ, ಆಮೇಲೆ ಇಂಜಿನ್ ದರ್ಶನ. "ಮುಟ್ಟಬೇಡಿ, ಬೆರಳಿನ ಗುರುತು ಬೀಳುತ್ತೆ" ಎಂದು ಗಂಗಾಧರಯ್ಯನವರು ಬಾನೆಟ್ಟಿನ ಪಕ್ಕ ಪೂಜಾರಿಯಂತೆ ನಿಲ್ಲುತ್ತಿದ್ದರು.

ಹೀಗಿರುವಾಗ ಬಡಾವಣೆಯ ಸಂಘದವರು ವಾಚನಾಲಯವೊಂದನ್ನು ಕಟ್ಟಿಸಿ, ಉದ್ಘಾಟನೆಗೆ ಶ್ಯಾಮಸುಂದರ ರಾಯರೆಂಬ ದೊಡ್ಡ ಅಧಿಕಾರಿಯನ್ನು ಒಪ್ಪಿಸಿದರು. ಅವರನ್ನು ಮಲ್ಲೇಶ್ವರದ ಮನೆಯಿಂದ ಕರೆತರುವ ಭಾರ ಸಹಜವಾಗಿಯೇ ಕಾರಿನ ಯಜಮಾನರ ಮೇಲೆ ಬಿತ್ತು.

"ಒಂದ್ಸಲ ಓಡ್ಸಿ ನೋಡಿ" ಎಂದರು ಬಸವರಾಜೇಶ್ವರಿ.

"ಓಡ್ಸಿದ್ರೆ ಮಸಿ ಹಿಡಿಯುತ್ತೆ" ಎಂದ ಗಂಗಾಧರಯ್ಯನವರು, ಉದ್ಘಾಟನೆಯ ಹಿಂದಿನ ದಿನ ಪೆಟ್ರೋಲ್ ಹಾಯುವ ಕಾರ್ಬೊರೇಟರನ್ನೂ ಬಿಚ್ಚಿ, ಒಳಗೂ ಹೊರಗೂ ತಿಕ್ಕಿ ಜೋಡಿಸಿದರು.

ಮರುದಿನ ಬೆಳಗ್ಗೆ ಸಂಘದ ಕಾರ್ಯದರ್ಶಿ ವೆಂಕಟಗಿರಿ ಮತ್ತು ಕಿರಾಣಿ ಅಂಗಡಿಯ ಬೆಟ್ಟಯ್ಯ ಹಾರ ಹಿಡಿದು ಕಾರು ಹತ್ತಿದರು. ಕಾರು ಮಲ್ಲೇಶ್ವರದವರೆಗೆ ಹೇಗೋ ಹೋಯಿತು. ರಾಯರ ಗೇಟಿನ ಮುಂದೆ ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಅಷ್ಟರಲ್ಲಿ ರಾಯರು ಭಾಷಣದ ಹಾಳೆಗಳ ಸಮೇತ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಇಳಿಯಿರಿ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಗಂಗಾಧರಯ್ಯನವರು ಕಣ್ಸನ್ನೆ ಮಾಡಿದರು. ವೆಂಕಟಗಿರಿಯೂ ಬೆಟ್ಟಯ್ಯನೂ ಹಾರವನ್ನು ಮುಂದಿನ ಸೀಟಿಗೆ ಹಾಕಿ, ಹಿಂದೆ ಹೋಗಿ ನೂಕತೊಡಗಿದರು.

ಅರ್ಧ ದಾರಿಯಲ್ಲಿ ರಾಯರು ಹಾಳೆಯಿಂದ ತಲೆಯೆತ್ತಿದರು. "ಏನ್ರೀ ಇದು, ಇಂಜಿನ್ ಸದ್ದೇ ಕೇಳಿಸ್ತಿಲ್ವಲ್ಲ!"

"ಪಾಲಿಶ್, ಸಾರ್."

"ಭೇಷ್! ಅವರಿಬ್ಬರು ಯಾಕ್ರೀ ಹಿಂದೆ ಓಡಿ ಬರ್ತಿದಾರೆ?"

"ಗೌರವಕ್ಕೆ, ಸಾರ್."

ರಾಯರಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ಸೇವೆಯಲ್ಲಿ ಅವರಿಗೆ ಇಂಥ ಮರ್ಯಾದೆ ಯಾವ ಊರಲ್ಲೂ ಸಿಕ್ಕಿರಲಿಲ್ಲ. ವಾಚನಾಲಯದ ಮುಂದೆ ಇಳಿದವರೇ ಬಾನೆಟ್ಟು ತೆಗೆಸಿ ನೋಡಿದರು. ಬೆಳಗಿನ ಬಿಸಿಲಿಗೆ ಇಂಜಿನ್ ಝಗಝಗಿಸಿತು. ಬರೆದು ತಂದ ಭಾಷಣವನ್ನು ಜೇಬಿಗಿಟ್ಟು ಅವರು ಹೇಳಿದರು: "ಮಹನೀಯರೇ, ನಮ್ಮ ಸರ್ಕಾರಿ ಯಂತ್ರವೂ ಹೀಗೇ ಇರಬೇಕು. ಸದ್ದಿಲ್ಲದೆ ನಡೀಬೇಕು, ಜನ ಹಿಂದೆ ಓಡಿ ಬರಬೇಕು!" ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು, ಅಂಗಿಯೆಲ್ಲ ಬೆವರಿಗೆ ತೊಯ್ದಿದ್ದ ಬೆಟ್ಟಯ್ಯ.

ಸಂಜೆ ನಾಯಂಡಹಳ್ಳಿಯಿಂದ ಮೆಕ್ಯಾನಿಕ್ ದೊಡ್ಡಹನುಮಯ್ಯ ಬಂದು ಕಾರ್ಬೊರೇಟರ್ ಬಿಚ್ಚಿದ. ಸೂಜಿಮೊನೆಯಿಂದ ಏನನ್ನೋ ಎಳೆದು ಬೆಳಕಿಗೆ ಹಿಡಿದ.

"ಹುಣಿಸೆ ನಾರು, ಸ್ವಾಮಿ. ಪೆಟ್ರೋಲ್ ಹೋಗೋ ದಾರೀಲಿ ಕೂತ್ಬಿಟ್ಟೈತೆ. ಇಂಜಿನ್ನು ಅಂದ್ರೆ ಎಣ್ಣೆ ಕುಡೀಬೇಕು, ಮಸಿ ಮೆತ್ಕೋಬೇಕು. ನೀವು ಅದನ್ನ ಮದುವಣಗಿತ್ತಿ ಮಾಡಿ ಕೂರ್ಸಿದೀರ."

ಗಂಗಾಧರಯ್ಯನವರಿಗೆ ಅವಮಾನವಾಯಿತು. ಆದರೆ ಅದು ಹೆಚ್ಚು ದಿನ ಉಳಿಯಲಿಲ್ಲ. ಹದಿನೈದು ದಿನಕ್ಕೆ ರಾಯರ ಕಡೆಯಿಂದ ಆದೇಶ ಬಂತು. ಸರ್ಕಾರಿ ವಾಹನಗಳ ಶುಚಿತ್ವಕ್ಕೆ ಹೊಸ ಹುದ್ದೆ ಸೃಷ್ಟಿಯಾಗಿತ್ತು. ಅದಕ್ಕೆ ಗಂಗಾಧರಯ್ಯನವರೇ ಸರಿ ಎಂದು ತೀರ್ಮಾನವಾಗಿತ್ತು. ಅವರು ಜಿಲ್ಲೆ ಜಿಲ್ಲೆ ತಿರುಗಿದರು. ಹೊಳೆಯದ ಇಂಜಿನ್ ರಸ್ತೆಗಿಳಿಯಕೂಡದು ಎಂದು ಸುತ್ತೋಲೆ ಹೊರಡಿಸಿದರು. ಒಂದು ಜಿಲ್ಲೆಯಲ್ಲಂತೂ ಹನ್ನೊಂದು ಜೀಪುಗಳು ಕನ್ನಡಿಯಂತೆ ಹೊಳೆಯುತ್ತ ಶೆಡ್ಡಿನಲ್ಲೇ ನಿಂತವು. ಅಧಿಕಾರಿಗಳು ಬರಗಾಲದ ಹಳ್ಳಿಗಳನ್ನು ನೋಡಲು ಸೈಕಲ್ಲಿನಲ್ಲಿ ಹೋದರು. ವರದಿಯಲ್ಲಿ ಪೆಟ್ರೋಲ್ ಉಳಿತಾಯ ಎಂದು ಬರೆಯಲಾಯಿತು.

ಎರಡು ತಿಂಗಳ ಪ್ರವಾಸ ಮುಗಿಸಿ ಮನೆಗೆ ಬಂದವರು ಚೀಲವನ್ನೂ ಇಳಿಸದೆ ಬಾನೆಟ್ಟು ಎತ್ತಿದರು. ಇಂಜಿನ್ ಕಪ್ಪಗಿತ್ತು. ಎಣ್ಣೆ, ಧೂಳು, ಮಸಿ. ತಾಮ್ರದ ಕೊಳವೆಯ ಮೇಲೆ ಐದು ಬೆರಳಿನ ಗುರುತೂ ಇತ್ತು.

"ಯಾರೇ… ಯಾರೇ ಹೀಗೆ ಮಾಡಿದ್ದು?"

"ನಾನೇ" ಎಂದರು ಬಸವರಾಜೇಶ್ವರಿ. "ದೊಡ್ಡಹನುಮಯ್ಯ ಕಲಿಸ್ಕೊಟ್ಟ. ಮೊನ್ನೆ ಕೆಂಗೇರಿಗೆ ಹೋಗಿ ಬಂದೆ. ನಿನ್ನೆ ಬೆಟ್ಟಯ್ಯನ ಹೆಂಡ್ತಿಗೆ ಹೆರಿಗೆ ನೋವು ಬಂತು, ವಾಣಿವಿಲಾಸ ಆಸ್ಪತ್ರೆಗೆ ಬಿಟ್ಟು ಬಂದೆ. ಗಂಡು ಮಗು."

ಗಂಗಾಧರಯ್ಯನವರು ಸೀಮೆಎಣ್ಣೆ ಡಬ್ಬಿಗಾಗಿ ಸುತ್ತ ಕಣ್ಣಾಡಿಸಿದರು. ಅಷ್ಟರಲ್ಲಿ ಬಸವರಾಜೇಶ್ವರಿ ಬಾನೆಟ್ಟು ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಸ್ಟಿಯರಿಂಗ್ ಮುಂದೆ ಕೂತಿದ್ದರು.

"ಹತ್ತಿ. ಮಗು ನೋಡ್ಕೊಂಡು ಬರೋಣ."

ಗಂಗಾಧರಯ್ಯನವರು ಕೊನೆಗೂ ಚೀಲ ಇಳಿಸಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು, ರಾಯರು ಕೂತಿದ್ದ ಜಾಗದಲ್ಲೇ ಕೂತರು. ಕಾರು ಗಡಗಡ ಸದ್ದು ಮಾಡಿ, ಒಂದಷ್ಟು ಹೊಗೆ ಉಗುಳಿ ಹೊರಟಿತು. ಮಾಗಡಿ ರಸ್ತೆ ಮುಟ್ಟುವವರೆಗೆ ಅವರು ಬಾಗಿಲಿನ ಹಿಡಿ ಬಿಡಲಿಲ್ಲ.

"ಸ್ವಲ್ಪ ನಿಧಾನ ಕಣೇ" ಎಂದರು.

"ಇದೇ ನಿಧಾನ" ಎಂದು ಆಕೆ ಎತ್ತಿನಗಾಡಿಯೊಂದನ್ನು ಹಿಂದೆ ಹಾಕಿದರು.