ಸಿಸ್ಟರ್ ವಕೀಲರು

ಅವರು ನಡೆದು ಬಂದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಹೆರಿಗೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ, ಆಗತಾನೇ ನಿದ್ದೆ ಹತ್ತಿದ ಬಾಣಂತಿಯರಿಗೆ ಎಚ್ಚರವಾಗದಂತೆ ಮಂಚದಿಂದ ಮಂಚಕ್ಕೆ ಓಡಾಡಿದ ಆ ಪಾದಗಳು, ಕರಿಕೋಟು ತೊಟ್ಟು ನ್ಯಾಯಾಲಯದ ಮೆಟ್ಟಿಲು ಹತ್ತುವ ಕಾಲಕ್ಕೂ ಆ ಸೌಜನ್ಯವನ್ನು ಬಿಟ್ಟಿರಲಿಲ್ಲ. ನಾನು ಅವರ ಕಿರಿಯ ಸಹಾಯಕಿಯಾಗಿ ಸೇರಿದ ಮೊದಲ ವಾರದಲ್ಲೇ ಮೂರು ಬಾರಿ ಬೆಚ್ಚಿಬಿದ್ದೆ. ತಲೆ ತಗ್ಗಿಸಿ ಟೈಪು ಮಾಡುತ್ತಿದ್ದರೆ ಬೆನ್ನ ಹಿಂದಿನಿಂದ, ಅದೂ ಪಿಸುಮಾತಿನಲ್ಲಿ, "ತಾರೀಖು ತಪ್ಪಾಗಿದೆ ಕಣೇ" ಎನ್ನುವ ಅಶರೀರವಾಣಿ.

ನ್ಯಾಯಾಲಯದ ಆವರಣದಲ್ಲಿ ಅವರ ನಿಜವಾದ ಹೆಸರು ಹಿಡಿದು ಕರೆಯುತ್ತಿದ್ದವನು ಬಾಗಿಲ ಬಳಿ ನಿಂತು ಕೂಗುವ ಜವಾನನೊಬ್ಬನೇ. ಉಳಿದವರಿಗೆಲ್ಲ ಅವರು 'ಸಿಸ್ಟರ್ ವಕೀಲರು'. ನಲವತ್ತು ದಾಟಿದ ಮೇಲೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ನರ್ಸ್ ಕೆಲಸ ಬಿಟ್ಟು ಬಂದವರೆಂದು ಯಾರೋ ಕುಹಕದಿಂದ ಇಟ್ಟ ಹೆಸರದು. ಅವರು ಅದನ್ನು ಹೊಸ ಸೀರೆಯಂತೆ ಸಂತೋಷದಿಂದ ಉಟ್ಟುಕೊಂಡುಬಿಟ್ಟರು. ಒಮ್ಮೆ ಎದುರು ಪಕ್ಷದ ಹಿರಿಯ ವಕೀಲರೊಬ್ಬರು ಮುಖ ಕೆಂಪಗೆ ಮಾಡಿಕೊಂಡು, "ಈ ಸಿಸ್ಟರಿಗೆ ಕಾನೂನು ಏನು ಗೊತ್ತು?" ಎಂದು ಗುಡುಗಿದಾಗ, ಇವರು ತಣ್ಣಗೆ, "ಸರ್, ಸ್ವಲ್ಪ ಕೂತ್ಕೊಳ್ಳಿ. ನಿಮ್ಮ ಬಿ.ಪಿ. ನೋಡ್ಬೇಕಾಗತ್ತೆ" ಎಂದರು. ನ್ಯಾಯಾಧೀಶರು ನಗು ತಡೆಯಲು ಕನ್ನಡಕ ಒರೆಸಿಕೊಂಡರು.

ಚಪ್ಪಲಿ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕಚೇರಿ. ಹೊಸ ರಬ್ಬರಿನ ವಾಸನೆ ಕಡತಗಳೊಳಗೂ ಸೇರಿಕೊಂಡಿರುತ್ತಿತ್ತು. ಇಂದಿಗೂ ಆ ವಾಸನೆ ಎಲ್ಲಾದರೂ ತಾಗಿದರೆ ನನ್ನ ಇಪ್ಪತ್ತೈದನೆಯ ವಯಸ್ಸು ಎದುರಿಗೆ ಬಂದು ನಿಲ್ಲುತ್ತದೆ. ಒಳಕೋಣೆಯ ಮೇಜನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಬಂದವರ ಎದುರಿಗೆ ಕೂರುವುದು ಅವರಿಗೆ ಆಗದು. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರಬೇಕು. ಅವರ ಕೋಟು ಸದಾ ಎಡಕ್ಕೆ ವಾಲಿರುತ್ತಿತ್ತು, ಏಕೆಂದರೆ ಒಳಗೆ ತಾವೇ ಹೊಲಿದುಕೊಂಡ ಉದ್ದದ ಜೇಬಿನಲ್ಲಿ ಉಕ್ಕಿನ ಅಳತೆಪಟ್ಟಿಯೊಂದು, ಭೂತಗನ್ನಡಿಯೊಂದು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಗೀಟು ಗೀಟಾಗಿ ದಾಖಲಿಸುವ ಉದ್ದನೆಯ ಕಾಗದದ ಸುರುಳಿಯನ್ನು ಓದಲು ಅವರಿಗೆ ಅವೆರಡೇ ಸಾಕಾಗಿದ್ದವು.

ತಪ್ಪು ನಡೆದಿರದಿದ್ದರೆ ಅದನ್ನೂ ಅಷ್ಟೇ ನೇರವಾಗಿ ಹೇಳಿಬಿಡುತ್ತಿದ್ದರು. ಮಗುವನ್ನು ಕಳೆದುಕೊಂಡ ತಂದೆಯೊಬ್ಬರ ಕಾಗದಗಳನ್ನು ಮೂರು ದಿನ ಓದಿ, "ಇಲ್ಲಿ ಯಾರ ತಪ್ಪೂ ಇಲ್ಲಪ್ಪ. ಎಲ್ಲರೂ ಓಡಿದ್ದಾರೆ, ಮಗು ಕೈಗೆ ಸಿಗಲಿಲ್ಲ" ಎಂದರು. ಆತ ಇವರನ್ನೂ ಆಸ್ಪತ್ರೆಯನ್ನೂ ಒಂದೇ ಉಸಿರಿನಲ್ಲಿ ಶಪಿಸಿ, ಗೋಡೆಯ ಕ್ಯಾಲೆಂಡರ್ ಉದುರುವಂತೆ ಬಾಗಿಲು ಬಡಿದು ಹೋದರು. ಇವರು ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಾ, "ಎಲ್ಲಾದ್ರೂ ಬಡೀಬೇಕಲ್ಲ ಪಾಪ. ಬಾಗಿಲು ಗಟ್ಟಿ ಇದೆ, ಬಿಡು" ಎಂದರು.

ಅವರ ಅನೇಕ ಮೊಕದ್ದಮೆಗಳಲ್ಲಿ ನನ್ನೊಳಗೆ ಉಳಿದಿರುವುದು ಒಂದು. ಬಸ್ ಡ್ರೈವರ್ ಒಬ್ಬರು, ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಅವರ ಹೆಂಡತಿ, ಡ್ರೈವರ್ ತಾಯಿ, ಮೂವರೂ ಒಂದು ಬೆಳಗ್ಗೆ ಮಹಡಿ ಹತ್ತಿ ಬಂದರು. ಅಜ್ಜಿಯ ಹೆಗಲ ಮೇಲೆ ಎರಡು ವರ್ಷ ತುಂಬುತ್ತಿದ್ದ ಮಗು. ಕತ್ತು ಇನ್ನೂ ನಿಂತಿರಲಿಲ್ಲ. ಹುಟ್ಟುವಾಗ ಉಸಿರು ಸಾಲದೆ ಮಿದುಳಿಗೆ ಪೆಟ್ಟಾಗಿತ್ತು. ಪರಿಹಾರ ಕೇಳಲು ಕಾನೂನು ಕೊಟ್ಟಿದ್ದ ಎರಡು ವರ್ಷದಲ್ಲಿ ಉಳಿದದ್ದು ಹನ್ನೊಂದು ದಿನ. ಯಾಕಿಷ್ಟು ತಡ ಎಂದು ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಡ್ರೈವರ್, "ಸರಿಹೋಗ್ತಾನೆ ಅಂತ ಕಾದ್ವಿ" ಎಂದರು. ಆಮೇಲೆ ಯಾರಿಗೂ ಆ ಪ್ರಶ್ನೆಯನ್ನು ನಾನು ಕೇಳಿಲ್ಲ.

ಸಿಸ್ಟರ್ ಮಾತ್ರ ಸೊಸೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಎಲ್ಲರನ್ನೂ ಕೇಳುತ್ತಿದ್ದ ಆ ವಿಚಿತ್ರ ಮೊದಲ ಪ್ರಶ್ನೆಯನ್ನೇ ಕೇಳಿದರು: "ಅವತ್ತು ಬೆಳಗ್ಗೆ ಏನು ತಿಂದಿದ್ದೆಮ್ಮಾ?"

"ಎರಡು ಬ್ರೆಡ್ಡು. ಅರ್ಧ ಲೋಟ ಹಾಲು."

"ಮೇಡಂ, ತಿಂದಿದ್ದಕ್ಕೂ ಕೇಸಿಗೂ ಏನು ಸಂಬಂಧ? ಆ ಡಾಕ್ಟರು ಜೈಲಿಗೆ ಹೋಗ್ಬೇಕು, ಅಷ್ಟೇ" ಎಂದರು ಡ್ರೈವರ್.

"ಇರಲಿ. ಮುಂದೆ?"

ಈ 'ಇರಲಿ, ಮುಂದೆ' ಅವರ ಉಸಿರಿನಂತಿದ್ದ ಮಾತು. ಉಳಿದ ಅರ್ಧ ಲೋಟ ಹಾಲಿನಿಂದ ಹಿಡಿದು ಗಳಿಗೆ ಗಳಿಗೆಯಾಗಿ ಆ ದಿನವೆಲ್ಲ ಹೊರಬಂತು: ಮಧ್ಯಾಹ್ನ ಎರಡು ಗಂಟೆಗೆ ಮಗುವಿನ ಎದೆಬಡಿತ ಕೇಳುವ ಯಂತ್ರದ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿದ್ದು, ಅದರ ಸದ್ದು ಆಗಾಗ ನಿಧಾನವಾಗುತ್ತಿದ್ದದ್ದು, ಮೂರೂವರೆ ದಾಟಿದ ಮೇಲೆ ಡಾಕ್ಟರು ಓಡಿಬಂದು ಹೊಟ್ಟೆ ಕೊಯ್ದದ್ದು. ಅಷ್ಟನ್ನೂ ಕೇಳಿದ ಮೇಲೆ ಸಿಸ್ಟರ್ ಡ್ರೈವರ್ ಕಡೆ ತಿರುಗಿದರು.

"ಪೊಲೀಸರಿಗೆ ದೂರು ಕೊಡಬಹುದು. ಆದ್ರೆ ಅಲ್ಲಿ ಬರೀ ತಪ್ಪು ಸಾಲದು, ತೀರಾ ಕಣ್ಣುಮುಚ್ಚಿ ಮಾಡಿದ್ದು ಅಂತ ತೋರಿಸ್ಬೇಕು, ಅದು ಕಷ್ಟ. ವೈದ್ಯರ ಪರಿಷತ್ತಿಗೆ ಬರೆದ್ರೆ ಅವರು ಡಾಕ್ಟರ ಪರವಾನಗಿ ಮುಟ್ಟಬಹುದು, ನಿಮಗೆ ಏನೂ ಕೊಡಲ್ಲ. ಪರಿಹಾರದ ದಾವೆ ಹೂಡಿದ್ರೆ ಮಗುವಿನ ಮುಂದಿನ ಔಷಧ, ವ್ಯಾಯಾಮ, ನೋಡ್ಕೊಳ್ಳೋರು, ಇದಕ್ಕೆಲ್ಲ ದಾರಿ ಆಗತ್ತೆ. ಆಸ್ಪತ್ರೆಯವರ ಜೊತೆ ಕೂತು ರಾಜಿನೂ ಮಾಡ್ಕೋಬಹುದು. ಆಗ ಏನಾಯ್ತು ಅಂತ ಯಾವತ್ತೂ ಗೊತ್ತಾಗಲ್ಲ. ಯೋಚನೆ ಮಾಡಿ. ಆದ್ರೆ ನಾಳೆ ಹೇಳಿ."

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಅತ್ತೆ, ಮಗುವಿನ ಬೆನ್ನು ತಟ್ಟುತ್ತಲೇ, "ಹೆರಿಗೆ ಹೊತ್ತಲ್ಲಿ ಇವಳು ಸರಿಯಾಗಿ ಮುಕ್ಕಲಿಲ್ಲವಂತೆ. ಡಾಕ್ಟರೇ ಹೇಳಿದ್ರು" ಎಂದರು. ಸಿಟ್ಟಿನ ಮಾತಲ್ಲ, ಎರಡು ವರ್ಷದಿಂದ ಆ ಮನೆಯಲ್ಲಿ ಗಡಿಯಾರದ ಸದ್ದಿನಂತೆ ನೆಲೆಸಿಬಿಟ್ಟ ಮಾತು. ಸೊಸೆ ಕಾಲಬೆರಳು ನೋಡುತ್ತಾ ಕೂತಳು.

ಹೊರಡುವಾಗ ಅವಳು ಮೆಟ್ಟಿಲಿಂದ ಒಬ್ಬಳೇ ವಾಪಸ್ಸು ಬಂದಳು. "ಸಿಸ್ಟರ್, ನಿಜ ಹೇಳಿ. ನಾನೇ ಕಾರಣಾನಾ?"

ಬೇರೆ ಯಾರಾದರೂ ಆಗಿದ್ದರೆ ಛೆ ಛೆ ಎಂದು ತಲೆ ಸವರುತ್ತಿದ್ದರು. ಇವರು, "ಗೊತ್ತಿಲ್ಲಮ್ಮ. ಕಾಗದ ನೋಡಿ ಹೇಳ್ತೀನಿ" ಎಂದರು. ಅವಳ ಮುಖದಲ್ಲಿ ಆಗ ಕಂಡದ್ದು ನೆಮ್ಮದಿಯೇ ಇರಬೇಕು; ಸಮಾಧಾನದ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಹತ್ತನೆಯ ದಿನ ದಾವೆ ದಾಖಲಾಯಿತು, ಪರಿಷತ್ತಿಗೂ ಒಂದು ದೂರು ಹೋಯಿತು. ದಾವೆಯ ಕೊನೆಯಲ್ಲಿ ಸಿಸ್ಟರ್ ಒಂದು ಪ್ರತ್ಯೇಕ ಕೋರಿಕೆ ಸೇರಿಸಿದರು: ತಾಯಿಯ ಕಡೆಯಿಂದ ಲೋಪವಾಗಿದೆಯೇ ಇಲ್ಲವೇ ಎಂಬುದನ್ನು ನ್ಯಾಯಾಲಯ ಸ್ಪಷ್ಟವಾಗಿ ಹೇಳಬೇಕು. ಆಸ್ಪತ್ರೆಯ ಪರ ನಿಂತ ಹಿರಿಯ ವಕೀಲರು ನಕ್ಕರು, ಇದಕ್ಕೆ ಯಾವ ಕಾನೂನಿನಲ್ಲಿ ಯಾವ ಕಲಂ ಎಂದು. "ಇರಲಿ" ಎಂದರು ಇವರು. ಆಸ್ಪತ್ರೆ ಕೊಟ್ಟ ಪ್ರತಿಗಳಲ್ಲಿ ಎದೆಬಡಿತದ ಸುರುಳಿಯೇ ಇರಲಿಲ್ಲ. ನ್ಯಾಯಾಲಯದ ಆದೇಶ ತಂದು ಮೂಲವನ್ನೇ ತರಿಸಿದರು. ಒಳಕೋಣೆಯ ನೆಲದ ಮೇಲೆ ಅದನ್ನು ಗೋಡೆಯಿಂದ ಗೋಡೆಗೆ ಹಾಸಿ, ಮಂಡಿಯೂರಿ, ಅಳತೆಪಟ್ಟಿ ಸರಿಸುತ್ತಾ ಹೋದರು.

"ನೋಡು, ಇಲ್ಲಿ ಬಡಿತ ಇಳೀತು. ಇಲ್ಲಿ ಮತ್ತೆ. ಒಂದೂವರೆ ಗಂಟೆ ಕರೆದಿದೆ ಕಣೇ ಈ ಮಗು. ಯಾರೂ ಬರಲಿಲ್ಲ."

ಆದರೆ ನರ್ಸ್ ತುಂಬಿದ ಹಾಳೆಯಲ್ಲಿ, ಕಾಲು ಗಂಟೆಗೊಮ್ಮೆ, ಒಂದೇ ಶಾಯಿಯಲ್ಲಿ, ಒಂದೇ ಓಟದ ಅಕ್ಷರದಲ್ಲಿ, 'ಬಡಿತ ಸರಿಯಿದೆ' ಎಂದಿತ್ತು. ಆಸ್ಪತ್ರೆಯವರು ಆ ನರ್ಸನ್ನೇ ಸಾಕ್ಷಿಯಾಗಿ ಕರೆತಂದರು. ಇಪ್ಪತ್ತಾರರ ಹುಡುಗಿ, ಕಟಕಟೆಯ ಕಂಬಿಯನ್ನು ಬಸ್ಸಿನ ಕಂಬಿಯಂತೆ ಹಿಡಿದು ನಿಂತಿದ್ದಳು. ಸಿಸ್ಟರ್ ಅವಳ ಹತ್ತಿರ ಹೋಗಿ ಮೆಲುದನಿಯಲ್ಲಿ ಕೇಳತೊಡಗಿದರು.

"ಅವತ್ತು ಹೆರಿಗೆಗೆ ಎಷ್ಟು ಜನ ಇದ್ರು?"

"ಆರು."

"ನೀವು?"

"ನಾನೊಬ್ಳೇ."

"ಊಟ ಮಾಡಿದ್ರಾ?"

"ಇಲ್ಲ."

"ಡಾಕ್ಟರಿಗೆ ಎಷ್ಟು ಸಲ ಫೋನ್ ಮಾಡಿದ್ರಿ?"

ಎದುರು ವಕೀಲರು ಆಕ್ಷೇಪಿಸಲು ಎದ್ದರು; ನ್ಯಾಯಾಧೀಶರು ಕೈಸನ್ನೆಯಿಂದ ಕೂರಿಸಿದರು. ಅವಳು ಕಂಬಿ ಬಿಟ್ಟು, "ಮೂರು ಸಲ. ಬೇರೆ ಕ್ಲಿನಿಕ್ಕಲ್ಲಿದ್ರು, ಬರ್ತೀನಿ ಅಂದ್ರು" ಎಂದಳು.

"ಈ ಹಾಳೆ ಯಾವಾಗ ಬರೆದಿದ್ದು?"

"ಮಾರನೇ ದಿನ. ಬರಿ ಅಂದ್ರು."

"ಸಾಕಮ್ಮ. ಇನ್ನೇನೂ ಕೇಳಲ್ಲ."

ಹೊರಗೆ ಬಂದ ಮೇಲೆ ನಾನು ಗೆದ್ದ ಉತ್ಸಾಹದಲ್ಲಿ, ಇನ್ನು ನಾಲ್ಕು ಪ್ರಶ್ನೆ ಕೇಳಿದ್ದರೆ ಅವಳ ಮೇಲೂ ಕ್ರಮ ಆಗುವಂತೆ ಮಾಡಬಹುದಿತ್ತು ಎಂದೆ. ಅವರು ಮೆಟ್ಟಿಲ ಮಧ್ಯದಲ್ಲೇ ನಿಂತರು.

"ನಾನೂ ಒಂದ್ಸಲ ಹಾಗೆ ಬರ್ದಿದ್ದೆ ಕಣೇ. ಬರಿ ಅಂದ್ರು, ಬರ್ದೆ."

ಯಾವ ತಾಯಿ, ಯಾವ ಮಗು, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಲವತ್ತು ದಾಟಿದ ಹೆಂಗಸು ಡ್ಯೂಟಿ ಮುಗಿಸಿ, ಕಾಲು ಬಾತುಕೊಂಡಿದ್ದರೂ ಸಂಜೆ ಕಾಲೇಜಿನ ಬೆಂಚಿನ ಮೇಲೆ ಏಕೆ ಕೂತಿರಬಹುದೆಂಬ ನನ್ನ ಹಳೆಯ ಕುತೂಹಲ ಅಂದಿಗೆ ಮುಗಿಯಿತು.

ತೀರ್ಪು ಬರಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಪರಿಷತ್ತು ಆ ಡಾಕ್ಟರನ್ನು ಒಂದು ವರ್ಷ ವೃತ್ತಿಯಿಂದ ದೂರವಿಟ್ಟಿತ್ತು. "ಒಂದೇ ವರ್ಷಾನಾ? ನನ್ನ ಮಗನಿಗೆ ಇಡೀ ಜೀವನ!" ಎಂದು ಡ್ರೈವರ್ ಕೂಗಿದಾಗ ಸಿಸ್ಟರ್, "ಹೌದಪ್ಪ, ಕಡಿಮೆನೇ" ಎಂದು ಒಪ್ಪಿಕೊಂಡಿದ್ದರು. ನ್ಯಾಯಾಲಯ ಆಸ್ಪತ್ರೆಯನ್ನು ಹೊಣೆ ಮಾಡಿ, ಮಗುವಿನ ಜೀವಮಾನದ ಆರೈಕೆಗೆ ಸಾಕಾಗುವಷ್ಟು ಪರಿಹಾರ ವಿಧಿಸಿತು. ಆ ದಿನ ಮತ್ತೆ ಅದೇ ಒಳಕೋಣೆಯಲ್ಲಿ ಅವರೆಲ್ಲ ಸೇರಿದರು. ಪರಿಹಾರದ ಪುಟವನ್ನು ಸಿಸ್ಟರ್ ಡ್ರೈವರ್ ಕೈಗಿತ್ತು, ತಾವು ಮೂವತ್ತೊಂದನೆಯ ಪುಟ ತೆರೆದು ಒಂದು ಸಾಲು ಓದಿದರು: "ತಾಯಿಯ ಕಡೆಯಿಂದ ಯಾವುದೇ ಲೋಪವಾಗಿರುವುದಿಲ್ಲ."

ಕೆಳಗಿನ ಅಂಗಡಿಯಲ್ಲಿ ಯಾರೋ ಚಪ್ಪಲಿ ಕೊಡವುತ್ತಿದ್ದ ಸದ್ದು.

"ಇನ್ನೊಂದ್ಸಲ ಓದಿ" ಎಂದರು ಅತ್ತೆ.

ಸಿಸ್ಟರ್ ಓದಿದರು. ಅತ್ತೆ ಮಗುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಸೊಸೆಯತ್ತ ನೋಡದೆಯೇ, ತಾವು ಕೂತಿದ್ದ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. "ಕೂತ್ಕೋ ಬಾ. ಎಷ್ಟು ಹೊತ್ತು ನಿಂತಿರ್ತೀಯ" ಎಂದರು. ಅವಳು ಕೂತು ಅತ್ತಳು. ಎರಡು ಬಾರಿಯ ಓದಿನಲ್ಲೂ ಅಳದೆ ಇದ್ದವಳು ಆ ಮಾತಿಗೆ ಅತ್ತಳು.

ಸಿಸ್ಟರ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರಂಥವರು ಪ್ರತಿಯೊಂದು ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆಂದು ನನ್ನ ನಂಬಿಕೆ: ತಾವು ದುಡಿದ ಮನೆಯ ದೋಷವನ್ನು ಒಳಗಿನಿಂದ ಕಂಡವರು, ಒಮ್ಮೆ ಅದರಲ್ಲಿ ಪಾಲ್ಗೊಂಡವರು, ಆ ಮನೆಯನ್ನು ದ್ವೇಷಿಸಲಾರದವರು, ಹಾಗೆಂದು ಮರೆಯಲೂ ಆರದವರು. ಗೆಲುವಿನ ಮೋಹ ಅವರಿಗೆ ಅಷ್ಟಾಗಿ ಇರುವುದಿಲ್ಲ. ನಡೆದದ್ದು ನಡೆದಂತೆಯೇ ಎಲ್ಲಾದರೂ ಒಂದು ಕಡೆ ಬರೆದಿರಬೇಕೆಂಬ ಹಠ ಮಾತ್ರ ಸಾಯುವವರೆಗೂ ಬಿಡದು. ಅವರ ಬಾಗಿಲಿಗೆ ಹೋದವರಿಗೆ ಕಳೆದುಹೋದದ್ದು ಮರಳಿ ಸಿಗುವುದಿಲ್ಲ. ತಮ್ಮದಲ್ಲದ ತಪ್ಪನ್ನು ಅಲ್ಲಿ ಇಳಿಸಿ, ತಮ್ಮ ದುಃಖವನ್ನಷ್ಟೇ ಎತ್ತಿಕೊಂಡು ಅವರು ಮನೆಗೆ ಹೋಗುತ್ತಾರೆ; ದುಃಖವನ್ನಾದರೆ ಹೊರಬಹುದು.