ಹೆಸರಿನ ಮೇಲಿನ ಕೊಕ್ಕೆ

ಕಡಲೆಕಾಯಿ ಚಟ್ನಿಪುಡಿಗೆ ಬಿಸಿ ತುಪ್ಪ ಬಿದ್ದಾಗಿನ ವಾಸನೆ. ಶಿರಾದ ಶಾಲೆಯಲ್ಲಿ ವನಜಾಕ್ಷಿ ಡಬ್ಬಿಯ ಮುಚ್ಚಳ ತೆಗೆದರೆ ಅದು ಇಡೀ ಬೆಂಚಿಗೆ ಹಬ್ಬುತ್ತಿತ್ತು. ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ. ಆಮೇಲೆ ಇಬ್ಬರೂ ಅದೇ ಶಾಲೆಯಲ್ಲಿ ಗಣಿತ ಹೇಳಿಕೊಟ್ಟೆವು, ನಿವೃತ್ತರಾದ ಮೇಲೆ ಒಟ್ಟಿಗೇ ಕಂಪ್ಯೂಟರ್ ಕಲಿತೆವು. ಆದರೆ ಹಳೆ ವಿದ್ಯಾರ್ಥಿನಿಯರ ವೆಬ್‌ಸೈಟ್ ಮಾಡಿದ್ದು ಅವಳು. ಎರಡು ವರ್ಷ ಮಧುಗಿರಿ, ಪಾವಗಡ ಎನ್ನದೆ ಫೋನು ಮಾಡಿ ಸಾವಿರದ ನೂರು ಹೆಂಗಸರ ವಿವರ ಸೇರಿಸಿದ್ದಳು. ನಾಳೆ ಉದ್ಘಾಟನೆ. ಶಾಲು ಅವಳಿಗೆ.

ಇವತ್ತು ಬೆಳಿಗ್ಗೆ ಏಳಕ್ಕೆ ಆ ವೆಬ್‌ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ, ನಮ್ಮ ಜೊತೆ ಓದಿದ ಕೊರಟಗೆರೆಯ ಈಶ್ವರಮ್ಮನ ಮೆಸ್ಸಿನ ಹೆಸರು ಹಾಕಿದೆ, ಬೋರ್ಡಿನಲ್ಲಿರುವಂತೆ ಇಂಗ್ಲಿಷಿನಲ್ಲೇ. ಈಶ್ವರಮ್ಮ ಎಂಬುದರ ಕೊನೆಗೆ ಸೇರುವ ಎಸ್ ಅಕ್ಷರಕ್ಕೆ ಮುಂಚೆ, ಮೇಲುಗಡೆ ಒಂದು ಸಣ್ಣ ಕೊಕ್ಕೆ, ಅಪಾಸ್ಟ್ರಫಿ. ಪುಟ ಒಡೆದುಹೋಯಿತು, ಒಳಗಿನ ಆದೇಶಗಳೆಲ್ಲ ಪರದೆಯ ಮೇಲೆ. ಕೊಕ್ಕೆ ಬಂದರೆ ಹೆಸರು ಮುಗಿಯಿತೆಂದು ಯಂತ್ರ ತಿಳಿಯುತ್ತಿತ್ತು. ಮುಂದೆ ಬರೆದದ್ದೆಲ್ಲ ಅದಕ್ಕೆ ಅಪ್ಪಣೆ. ಯಾರಾದರೂ ಕಿಡಿಗೇಡಿ 'ಎಲ್ಲ ಅಳಿಸು' ಎಂಬ ಆದೇಶ ಬರೆದರೆ ಸಾವಿರದ ನೂರು ಹೆಸರೂ ಮಾಯ.

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಸ್ನಾನ ಮಾಡಿದೆ, ಪೇಪರ್ ಓದಿದೆ, ಸುಮ್ಮನಿದ್ದೆ. ಊಟ ಮಾತ್ರ ಸೇರಲಿಲ್ಲ. ಮಧ್ಯಾಹ್ನ ಚಪಲಕ್ಕೆ ನನ್ನದೇ ಹೆಸರು ಹುಡುಕಿದೆ. 'ಜಗದಾಂಬ.' ದಕಾರಕ್ಕೆ ದೀರ್ಘ, ಅಪ್ಪ ಇಟ್ಟಂತೆಯೇ. ಪಿಂಚಣಿ ಪುಸ್ತಕದಲ್ಲೂ, ಮಗಳ ಮದುವೆ ಪತ್ರಿಕೆಯಲ್ಲೂ ನಾನು 'ಜಗದಂಬ'ಳೇ. ಅವಳೊಬ್ಬಳು ಸರಿಯಾಗಿ ಬರೆದಿದ್ದಳು.

ಚಪ್ಪಲಿ ಮೆಟ್ಟಿ ಅವಳ ಮನೆಗೆ ಹೋದೆ.

ಒಡೆದ ಪುಟ ನೋಡಿ ವನಜಾ ಹಣೆ ಚಚ್ಚಿಕೊಂಡಳು. "ಚೌಡಯ್ಯ ಬೋರ್ಡ್ ಒರೆಸಿದಂಗಾಯ್ತಲ್ಲೇ!"

ಶಾಲೆಯ ಜವಾನ ಚೌಡಯ್ಯ ಒಮ್ಮೆ ಚೀಟಿಗಳಲ್ಲಿದ್ದ ಹೆಸರುಗಳನ್ನು ಬೋರ್ಡಿಗೆ ಬರೆಯುತ್ತಿದ್ದ. ಯಾವಳೋ ಚೀಟಿಯಲ್ಲಿ 'ಬೋರ್ಡ್ ಒರೆಸು' ಎಂದು ಬರೆದಿದ್ದಳು. ಒರೆಸಿಯೇಬಿಟ್ಟ.

"ಚೀಟೀಲಿರೋದನ್ನ ಬರ್ಕೋಬೇಕು, ಮಾಡಬಾರದು," ಎಂದೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಏಳಕ್ಕೆ."

ಗಡಿಯಾರ ನೋಡಿದಳು. ಮೂರು. "ಎಂಟು ಗಂಟೆ ಬಾಯಿ ಮುಚ್ಕೊಂಡಿದ್ಯಾ? ನಿನ್ ಕೈಲಿ ಹೆಂಗಾಯ್ತೇ?"

"ಹೊಟ್ಟೆಕಿಚ್ಚು ಕಣೇ."

"ಅದು ಗೊತ್ತು ಬುಡು. ಕೂತ್ಕೋ."

ಆದೇಶದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಜನ ಬರೆದದ್ದನ್ನು ಬೇರೆಯಾಗಿಯೇ ಕಳಿಸುವಂತೆ ಒಂದೊಂದನ್ನೇ ತಿದ್ದಿದೆವು. ನಾನು ಓದಿದೆ, ಅವಳು ಒತ್ತಿದಳು. ಕೊನೆಗೆ ಈಶ್ವರಮ್ಮನ ಮೆಸ್ಸು ಕೊಕ್ಕೆಯ ಸಮೇತ ಬಂತು, ಬರೀ ಒಂದು ಹೆಸರಾಗಿ.

"ಪುಟದ ಕೆಳಗೆ, ಮಾಡಿದೋರು ಅಂತ, ನಿನ್ ಹೆಸರೂ ಹಾಕ್ಲಾ?"

"ಹಾಕು," ಎಂದೆ, ನಾಚಿಕೆಯಿಲ್ಲದೆ. "ದೀರ್ಘ ಮರೀಬೇಡ."

ಅವಳು ಹಾಕಿ, ಒಳಗೆ ಹೋದಳು. ಮುದ್ದೆ, ಸಾರು, ತಟ್ಟೆಯಂಚಿಗೆ ತುಪ್ಪ ಬಿಟ್ಟ ಚಟ್ನಿಪುಡಿ. ತಂದು ನನ್ನ ಕೈಗಿಟ್ಟಳು.