ಗೂಟ ಉಳಿಯದ ಬಯಲು

"ಕೀಳ್ತೀಯೋ, ನಾನೇ ಕೀಳ್ಲೋ?"

"ಮುಟ್ಟಿ ನೋಡು. ನಾಳೆ ನಮ್ಮ ಪಂದ್ಯ ಇದೆ. ಒಂದು ರಾತ್ರಿ ಕಂಬ ನಿಂತಿದ್ರೆ ನಿನ್ನ ಗಂಟೇನು ಹೋಗತ್ತೆ?"

"ನನ್ನ ಗಂಟಲ್ಲ, ಪಲ್ಟನ್ ಹುಕುಂ. ಹೊತ್ತು ಮುಳುಗಿದ ಮೇಲೆ ಈ ಬಯಲಲ್ಲಿ ಒಂದು ಗೂಟಾನೂ ನಿಂತಿರಬಾರದು."

ಹಾಗೆಂದವಳು ತಲೆಯ ಮೇಲಿದ್ದ ಕಡಲೆಕಾಯಿ ಬುಟ್ಟಿಯನ್ನು ಕೆಳಗಿಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮ ಗೋಲುಕಂಬವನ್ನು ತಬ್ಬಿ ಹಿಡಿದು ಅಲ್ಲಾಡಿಸತೊಡಗಿದಳು. ನಾನು ಆಗ ಆ ಊರಿಗೆ ಹೊಸಬ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಮರ ಕೊಯ್ಯುವ ಮಿಲ್ಲಿಗೆ ಕೆಲಸಕ್ಕೆ ಸೇರಿದ್ದೆ. ಆ ಕಂಬಗಳನ್ನು ನಾನೇ ಆರಿಸಿ, ಕೊಯ್ದು, ಸುಣ್ಣ ಬಳಿದು ನೆಟ್ಟಿದ್ದೆ. ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಮುದುಕಿ ಎಂಬುದನ್ನೂ ನೋಡದೆ ಅವಳ ರಟ್ಟೆಗೆ ಕೈಹಾಕಲು ಹೋದೆ. ಮಿಲ್ಲಿನ ಗೆಳೆಯರೇ ನನ್ನನ್ನು ಹಿಡಿದು ನಿಲ್ಲಿಸಿದರು. ಅವಳ ಹೆಸರು ಜಪಮಾಲಮ್ಮ ಎಂದೂ, ಪಲ್ಟನ್ನಿನಲ್ಲಿ ಡೋಲು ಬಾರಿಸುತ್ತಿದ್ದು ತೀರಿಹೋದ ಚೌರಪ್ಪನ ಹೆಂಡತಿ ಎಂದೂ, ಅವಳ ಮಾತಿಗೆ ಎದುರಾಡಿ ಈ ಬಯಲಿನಲ್ಲಿ ಆಡಿದವರಿಲ್ಲ ಎಂದೂ ಕಿವಿಯಲ್ಲಿ ಹೇಳಿದರು.

ಕಂಬ ಕಿತ್ತೆವು. ಕಿತ್ತ ಜಾಗದಲ್ಲಿ ಉಳಿದ ಗುಳಿಗಳಿಗೆ ಅವಳು ಕಾಲಿನಿಂದ ಮಣ್ಣು ಎಳೆದು, ಬರಿಗಾಲಿನ ಹಿಮ್ಮಡಿಯಿಂದ ಒತ್ತಿ ಒತ್ತಿ ಸಮ ಮಾಡಿದಳು. ಬೆಳಗಿನ ಕವಾಯತಿನಲ್ಲಿ ಯಾವ ಸಿಪಾಯಿಯ ಕಾಲೂ ಅದರಲ್ಲಿ ಸಿಕ್ಕಿ ಉಳುಕಬಾರದಂತೆ. ನಾನು ಕಂಬವನ್ನು ಹೆಗಲಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಅವಳನ್ನು ಬೈಯುತ್ತ ಮಿಲ್ಲಿಗೆ ಹೋದೆ.

ಆ ಬಯಲಿಗೆ ದಂಡಿನ ಬಯಲು ಎಂದು ಹೆಸರು. ಒಂದು ಕಡೆ ಸಿಪಾಯಿಗಳ ಲೈನುಮನೆಗಳು, ಇನ್ನೊಂದು ಕಡೆ ಪೇಟೆ, ನಡುವೆ ಅಂಗೈಯಂತೆ ಹರಡಿದ ಬಯಲು. ಬೆಳಿಗ್ಗೆ ಲೈನುಮನೆಗಳ ಮುಂದಿನ ಕೋಲಿಗೆ ಕೆಂಪು ಬಾವುಟ ಏರಿದರೆ ಬಯಲು ಪಲ್ಟನ್ನಿನದು. ಬೂಟುಗಳ ಸದ್ದು ಪೇಟೆಯ ಹಿತ್ತಿಲುಗಳವರೆಗೂ ಕೇಳಿಸುತ್ತಿತ್ತು. ಬಿಸಿಲೇರಿ ಬಾವುಟ ಇಳಿದರೆ ಬಯಲು ಊರಿನದು. ಮೊದಲು ದನಗಳು ಬರುತ್ತಿದ್ದವು, ಆಮೇಲೆ ಸೈಕಲ್ ಕಲಿಯುವವರು, ಗಾಳಿಪಟದವರು, ಕುಸ್ತಿಯವರು, ಮಂಡಿನೋವಿಗೆಂದು ಸುತ್ತು ಹಾಕುವ ಹಿರಿಯರು, ಸಂಜೆಗೆ ನಾವು. ಮದುವೆಗೆ ಚಪ್ಪರ ಹಾಕಿದವರು ಕೂಡ ಊಟದೆಲೆ ಎತ್ತಿದ ಬೆನ್ನಿಗೇ ಚಪ್ಪರ ಬಿಚ್ಚುತ್ತಿದ್ದರು.

ಅದರ ಹಿಂದಿನ ಕತೆಯನ್ನು ಕುಸ್ತಿಯ ಹಿರಿಯರು ಹೇಳುತ್ತಿದ್ದರು. ಯಾವುದೋ ಕಾಲದಲ್ಲಿ ಅಲ್ಲಿ ಕುದುರೆಗಳ ಸಾಲು ಕಟ್ಟುತ್ತಿದ್ದರಂತೆ. ಯುದ್ಧಕ್ಕೆ ಹೊರಟ ದಂಡು ಕೊನೆಯ ಊಟ ಮಾಡುತ್ತಿದ್ದದ್ದು ಅಲ್ಲೇ. ಪೇಟೆಗೆ ಪ್ಲೇಗು ಬಂದ ವರ್ಷ ಊರಿಗೆ ಊರೇ ಆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಆಗ ಸಿಪಾಯಿಗಳು ಬಾವುಟವನ್ನೇ ಏರಿಸದೆ, ಖಾಲಿ ಬಿದ್ದ ಪೇಟೆಯ ಹೊರಗಿನ ರಸ್ತೆಯಲ್ಲಿ ಕವಾಯತು ಮಾಡಿದರಂತೆ. ಇಂಥದ್ದನ್ನು ಕೇಳಿದಾಗ ನನ್ನಂಥ ಒರಟನಿಗೂ ಮೈ ಜುಮ್ಮೆನ್ನುತ್ತಿತ್ತು. ನಾನು ಹುಟ್ಟಿದ ಹಳ್ಳಿಯಲ್ಲಿ ಗೋಮಾಳವನ್ನು ಒಬ್ಬೊಬ್ಬರೇ ಒತ್ತಿ ಒತ್ತಿ, ಕೊನೆಗೆ ಒಂದು ಎಮ್ಮೆ ತಿರುಗುವಷ್ಟು ಜಾಗವೂ ಉಳಿದಿರಲಿಲ್ಲ. ಇಲ್ಲಿ ಎಷ್ಟು ಜನ ತುಳಿದರೂ ಮರುದಿನ ಬೆಳಿಗ್ಗೆ ಬಯಲು ಯಾರೂ ಮುಟ್ಟದ ಹಾಗೆ ಬಿದ್ದಿರುತ್ತಿತ್ತು.

ಜಪಮಾಲಮ್ಮನಿಗೂ ನನಗೂ ಜಗಳ ನಿಲ್ಲಲಿಲ್ಲ, ಆದರೆ ಅದು ಮಾತಾಡುವ ರೀತಿಯೇ ಆಗಿಹೋಯಿತು. ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದಿಲ್ಲ, "ಕಂಬದಪ್ಪ" ಎನ್ನುತ್ತಿದ್ದಳು. ತಾನು ಬುಟ್ಟಿ ಇಡುತ್ತಿದ್ದ ಬಿದಿರಿನ ಮುಕ್ಕಾಲಿಯನ್ನೂ ಸಂಜೆಗೆ ಕಂಕುಳಲ್ಲಿ ಇರುಕಿಕೊಂಡೇ ಹೋಗುತ್ತಿದ್ದಳು. ಬಯಲಂಚಿನ ಹುಣಸೆಮರದಡಿ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊ ಎಂದು ಪುರಸಭೆಯವರೇ ಹೇಳಿದರೂ ಒಪ್ಪಿರಲಿಲ್ಲ.

ಅವಳ ಒಬ್ಬನೇ ಮಗ ಇನ್ನಾಸಪ್ಪ ನಮ್ಮ ಫುಟ್ಬಾಲ್ ತಂಡದ ಗೋಲಿ, ಗೋಲು ಕಾಯುವವನು. ಉದ್ದ ತೋಳಿನವನು. ಅವನು ಗೋಲಿನಲ್ಲಿ ನಿಂತರೆ ಕಂಬಗಳ ನಡುವೆ ಚೆಂಡಿಗೆ ದಾರಿಯೇ ಕಾಣುತ್ತಿರಲಿಲ್ಲ. ಆಟ ಮುಗಿದರೆ ಎರಡೂ ಕಂಬಗಳನ್ನು ಒಬ್ಬನೇ ಹೊರುತ್ತಿದ್ದ, ಅಡ್ಡಕಂಬವಷ್ಟೇ ನಮ್ಮ ಪಾಲಿಗೆ. ದಂಡಿಗೆ ಸೇರಲು ಅವನು ಓಡಿ ತೋರಿಸಿದ್ದೂ ಅದೇ ಬಯಲಿನಲ್ಲಿ. ಆ ದಿನ ಅವಳು ಎಂದಿನ ಜಾಗಕ್ಕೆ ಬರಲಿಲ್ಲ. ತಾಯಿಯನ್ನು ಕಂಡರೆ ಮಗನ ಓಟ ತಪ್ಪೀತೆಂದು ಹುಣಸೆಮರದ ಆಚೆ ಬೆನ್ನು ತಿರುಗಿಸಿ ಕೂತಿದ್ದಳು. ಓಟದಲ್ಲಿ ಸೋತು ಬಂದವರಿಗೆಲ್ಲ ಬುಟ್ಟಿಯಿಂದ ಬೊಗಸೆ ಬೊಗಸೆ ತೆಗೆದು ಕೊಟ್ಟಳು.

ಇನ್ನಾಸಪ್ಪ ಗಡಿಯಿಂದ ತಿರುಗಿ ಬರಲಿಲ್ಲ. ಹಿಮದಡಿ ಸಿಕ್ಕಿಬಿದ್ದ ಅವನ ತುಕಡಿಯಲ್ಲಿ ಯಾರ ದೇಹವೂ ಸಿಗಲಿಲ್ಲವೆಂದು ಸುದ್ದಿ ಬಂತು. ತಾಯಿಗೆ ಮಗನನ್ನು ಹೂಳುವುದೂ ಇಲ್ಲದಾಯಿತು. ಕೆಲವು ದಿನ ಕಾಣದಿದ್ದವಳು ಒಂದು ಸಂಜೆ ಬುಟ್ಟಿ ಹೊತ್ತುಕೊಂಡು ಬಂದಳು. ಎಂದಿನ ಜಾಗ ಬಿಟ್ಟು ಗೋಲಿನ ಹಿಂದೆ ಕೂತಳು. ಗೋಲಿ ಬಿಟ್ಟ ಚೆಂಡು ಅವಳ ಬಳಿ ಉರುಳಿದರೆ ಎತ್ತಿ, ಗಂಡಸರು ಎಸೆದಂತೆ ಎಸೆಯುತ್ತಿದ್ದಳು.

ಇನ್ನಾಸಪ್ಪನ ಹೆಸರಿನ ಒಂದು ಕಲ್ಲನ್ನು ಆ ಜಾಗದಲ್ಲೇ ನಿಲ್ಲಿಸಬೇಕೆಂದು ನಾನು ಹಟ ಹಿಡಿದೆ. ಅವನಿಗೆ ಬೇರೆಲ್ಲೂ ಗುರುತಿರಲಿಲ್ಲ. ಮಿಲ್ಲಿನವರೆಲ್ಲ ಸೇರಿದೆವು. ಕರಿಕಲ್ಲು ತರಿಸಿ ಹೆಸರು ಕೆತ್ತಿಸಿದೆವು. ಪೇಟೆಯ ಆಟದ ಸಂಘದ ಅಧ್ಯಕ್ಷರಾದ ನಂಜರಾಜಯ್ಯನವರು ಬೆನ್ನು ತಟ್ಟಿದರು. ಕಲ್ಲಿನ ಸುತ್ತ ಕಬ್ಬಿಣದ ಬೇಲಿ, ಅದಕ್ಕೆ ಸೇರಿದಂತೆ ಕೂರಲು ಮೆಟ್ಟಿಲುಗಳು, ಮುಂದೆ ಒಂದು ಗೇಟು, ಎಲ್ಲವನ್ನೂ ಸಂಘವೇ ಮಾಡಿಸುವುದೆಂದರು. ಅಡ್ಡಿಯಿದ್ದದ್ದು ಆ ಹುಕುಂ ಒಂದೇ. ಅದಕ್ಕಾಗಿ ಒಂದು ಭಾನುವಾರ ಬಯಲಿನಲ್ಲೇ ಕುರ್ಚಿ ಹಾಕಿ ಸಭೆ ಸೇರಿಸಿ, ದಂಡಿನ ಮೇಜರನ್ನು ಕರೆದೆವು. ಜಪಮಾಲಮ್ಮನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು.

ಮೇಜರು ನಗುತ್ತಲೇ ಎದ್ದುನಿಂತರು. ಅಂಥ ಹುಕುಂ ಪಲ್ಟನ್ನಿನಲ್ಲಿ ಇಲ್ಲವೇ ಇಲ್ಲ, ನನಗಿಂತ ಹಿರಿಯರನ್ನೂ ಕೇಳಿ ನೋಡಿದೆ ಎಂದರು. ಬಾವುಟ ಏರಿದಾಗ ಊರಿನವರು ಬರಬಾರದು, ಇರುವುದು ಅಷ್ಟೇ.

"ನಮ್ಮ ಸಿಪಾಯಿಗಳೂ ಕವಾಯತು ಮುಗಿದ ಮೇಲೆ ಒಂದೊಂದು ಗೂಟಾನೂ ಕಿತ್ಕೊಂಡೇ ಬರ್ತಾರೆ" ಎಂದರು ಮೇಜರು. "ಯಾಕಪ್ಪಾ ಅಂತ ಕೇಳಿದ್ರೆ, ಪೇಟೆಯವರ ಕಟ್ಟಳೆ ಸಾರ್ ಅಂತಾರೆ."

ಸಭೆ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ಹೆಗಲ ಮೇಲೆ ಕಂಬ ಹೊತ್ತದ್ದು ಯಾವ ಸುಳ್ಳಿಗೆ ಎಂದು ಅವಳ ಮುಂದೆ ನಿಂತು ಕೂಗಿದೆ. ಅವಳು ಅಲ್ಲಾಡಲಿಲ್ಲ.

"ಸುಳ್ಳು ನನ್ನದೇ ಕಂಬದಪ್ಪ" ಎಂದಳು. "ಕಡಲೆಕಾಯಿ ಮಾರೋಳ ಮಾತು ಅಂದಿದ್ರೆ ನೀವ್ಯಾರಾದ್ರೂ ಕೇಳ್ತಿದ್ರಾ? ಅದಕ್ಕೇ ಪಲ್ಟನ್ ಮಾತು ಅಂದೆ."

ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ಹಿಂದೊಂದು ಯುದ್ಧಕ್ಕೆ ಪಲ್ಟನ್ನು ಹೋಗಿ ಬಹುಕಾಲ ಬಯಲು ಬರಿದಾಗಿತ್ತು. ಜೀವಸಹಿತ ಮರಳಿದ ಚೌರಪ್ಪ ಹರಕೆ ತೀರಿಸಲೆಂದು ಬಯಲಿನ ಮೂಲೆಯಲ್ಲಿ ಒಂದು ಮರದ ಶಿಲುಬೆ ನೆಟ್ಟ. ಯಾರೂ ಬೇಡವೆನ್ನಲಿಲ್ಲ. ವಾರ ಕಳೆಯುವುದರೊಳಗೆ ಅದರ ಪಕ್ಕದಲ್ಲಿ ಅರಿಶಿನ ಬಳಿದ ಕಲ್ಲೊಂದು ಬಂತು. ಅದರಾಚೆ ಹಸಿರು ಬಟ್ಟೆ ಕಟ್ಟಿದ ಕೋಲು ಬಂತು. ಆಮೇಲೆ ಚಹದ ಗುಡಿಸಲು, ದನದ ಬೇಲಿ. ಸೈಕಲ್ ಕಲಿಯುವವರು ಬಳಸಿಕೊಂಡು ಹೋಗತೊಡಗಿದರು. ಒಂದು ಮಧ್ಯಾಹ್ನ ಎಲ್ಲರೂ ನೋಡುತ್ತಿರುವಾಗ ಜಪಮಾಲಮ್ಮ ಹೋಗಿ ಗಂಡನ ಶಿಲುಬೆಯನ್ನು ಕಿತ್ತು, ಎದೆಗೆ ಒತ್ತಿಕೊಂಡು ಮನೆಗೆ ತಂದಳು. ಚೌರಪ್ಪ ಬಹಳ ಕಾಲ ಅವಳೊಡನೆ ಮಾತಾಡಲಿಲ್ಲ. ಮರುದಿನದಿಂದ ಅವಳು ಒಬ್ಬೊಬ್ಬರ ಎದುರೂ ನಿಂತು ಪಲ್ಟನ್ನಿನಿಂದ ಹುಕುಂ ಬಂದಿದೆ ಎಂದಳು. ಡೋಲಿನವನ ಹೆಂಡತಿಗೆ ಗೊತ್ತಿರಬೇಕು ಎಂದುಕೊಂಡರೋ, ಶಿಲುಬೆ ಇದ್ದ ಜಾಗದ ಗುಳಿಯನ್ನು ನೋಡಿ ನಾಚಿದರೋ, ಅಂತೂ ಅವರವರ ದೇವರನ್ನು ಅವರವರೇ ಹೊತ್ತುಕೊಂಡು ಹೋದರು.

ನಂಜರಾಜಯ್ಯನವರು ಗಂಟಲು ಸರಿಪಡಿಸಿಕೊಂಡು, ಹಾಗಾದರೆ ಕಲ್ಲಿಗೆ ಯಾವ ಅಡ್ಡಿಯೂ ಇಲ್ಲವೆಂದಾಯಿತು ಎಂದರು.

"ಕಲ್ಲು ನಿಂತ್ರೆ ಬೇಲಿ ಬರತ್ತೆ ಸ್ವಾಮಿ, ಬೇಲಿ ನಿಂತ್ರೆ ಬೀಗ ಬರತ್ತೆ" ಎಂದಳು ಅವಳು. "ನನ್ನ ಮಗ ಓಡಿದ ಜಾಗ ಇದು. ಅವನ ಹೆಸರು ಹೇಳಿ ಇನ್ನೊಬ್ಬರ ಕಾಲು ತಡೀಬೇಡಿ."

ನನ್ನ ತಲೆ ಕೆಟ್ಟಿತ್ತು. "ನಿನಗೆ ಮಗನಿಗಿಂತ ಈ ಮಣ್ಣೇ ಹೆಚ್ಚಾಯ್ತಾ?" ಎಂದುಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ಆಡಿದ ಮಾತೂ ಮೆಲ್ಲಗಿತ್ತು.

"ಅವನಪ್ಪನ ಶಿಲುಬೆ ಕಿತ್ತ ಕೈ ಕಣಪ್ಪ ಇದು. ಮಗನ ಕಲ್ಲನ್ನೂ ಕೀಳತ್ತೆ. ಕೀಳೋ ಹಾಗೆ ಮಾಡಬೇಡ."

ಎದ್ದಳು. ಬುಟ್ಟಿ ತಲೆಯ ಮೇಲೆ, ಮುಕ್ಕಾಲಿ ಕಂಕುಳಲ್ಲಿ. ಕಲ್ಲು ನಿಲ್ಲಿಸಲೆಂದು ನಾವು ಬೆಳಿಗ್ಗೆಯೇ ತೋಡಿಟ್ಟಿದ್ದ ಗುಳಿ ದಾರಿಯಲ್ಲಿತ್ತು. ಅಲ್ಲಿ ನಿಂತು, ಬದಿಯ ಮಣ್ಣನ್ನು ಕಾಲಿನಿಂದ ಎಳೆದು ತುಂಬಿಸಿ, ಹಿಮ್ಮಡಿಯಿಂದ ಒತ್ತಿದಳು. ಆಮೇಲೆ ಪಡುವಣದ ಕಾಲುದಾರಿ ಹಿಡಿದು ಹೊರಟಳು. ಮೇಜರು ಎದ್ದು ನಿಂತು, ಅವಳು ಹುಣಸೆಮರ ದಾಟುವ ತನಕ ಕೂರಲಿಲ್ಲ.

ಅವಳು ಮತ್ತೆ ಆ ಬಯಲಿಗೆ ಬರಲಿಲ್ಲ. ಮರುದಿನ ಹೋದರೆ ಮನೆಗೆ ಬೀಗ. ತಂಗಿಯ ಊರಿಗೆ ಹೋದಳೆಂದು ನೆರೆಯವರು ಹೇಳಿದರು. ಆ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಇಣುಕಿದೆ. ಒಲೆಯ ಮೇಲಿನ ಗೋಡೆಯಲ್ಲಿ ಶಿಲುಬೆಯ ಆಕಾರದಷ್ಟು ಜಾಗ ಮಾತ್ರ ಹೊಗೆ ಹಿಡಿಯದೆ ಬೆಳ್ಳಗಿತ್ತು.

ಆ ಸಂಜೆ ಆಟ ಮುಗಿದಾಗ ಎಲ್ಲರೂ ಕಂಬಗಳ ಸುತ್ತ ನಿಂತೆವು. ಹುಕುಂ ಇಲ್ಲವೆಂದು ಊರಿಗೆಲ್ಲ ತಿಳಿದಿತ್ತು. ಕಂಬ ಬಿಟ್ಟುಹೋದರೆ ಕೇಳುವವರಿರಲಿಲ್ಲ. ಕುಸ್ತಿಯವರು ಗದೆ ಎತ್ತದೆ ನನ್ನ ಕಡೆ ನೋಡುತ್ತಿದ್ದರು, ದೂರದಲ್ಲಿ ನಂಜರಾಜಯ್ಯನವರೂ ನೋಡುತ್ತಿದ್ದರು. ನಾನು ಕಂಬವನ್ನು ತಬ್ಬಿ ಹಿಡಿದು ಅಲ್ಲಾಡಿಸಿದೆ. ಅದು ಸಡಿಲವಾಗಿ ಮೇಲೆದ್ದು ಬಂತು. ಕುಸ್ತಿಯವರೂ ಗದೆ ಎತ್ತಿದರು.

ಕಲ್ಲು ನಮ್ಮ ಮಿಲ್ಲಿನಲ್ಲಿದೆ. ಪಂದ್ಯದ ದಿನ ನಾಲ್ವರು ಹೊತ್ತು ತಂದು ಗೋಲಿನ ಹಿಂದೆ, ಅವಳು ಕೂರುತ್ತಿದ್ದ ಜಾಗದಲ್ಲಿ ಮಲಗಿಸುತ್ತೇವೆ. ನೆಡುವುದಿಲ್ಲ. ಹೊತ್ತು ಮುಳುಗುವಾಗ ಮೊದಲು ಕಂಬ ಕೀಳುತ್ತೇವೆ, ಕೊನೆಗೆ ಕಲ್ಲನ್ನು ಎತ್ತುತ್ತೇವೆ. ಎತ್ತುವ ಮುಂಚೆ ನಾನೊಮ್ಮೆ ಪಡುವಣದ ಕಾಲುದಾರಿಯ ಕಡೆ ನೋಡುತ್ತೇನೆ. ಹುಣಸೆಮರದ ನೆರಳು ಉದ್ದಕ್ಕೆ ಚಾಚಿರುತ್ತದೆ, ದಾರಿ ಖಾಲಿ ಇರುತ್ತದೆ. ಆಮೇಲೆ ಚಪ್ಪಲಿ ಕಳಚಿಟ್ಟು, ಗುಳಿಗಳಿಗೆ ಮಣ್ಣು ಎಳೆದು, ಹಿಮ್ಮಡಿಯಿಂದ ಒತ್ತುತ್ತೇನೆ.